ಕೈಸರ್ ಮತ್ತು ಕಿಸ್ರಾ: ಇಬ್ಬರೂ ಸೋತ ಒಂದು ಯುದ್ಧ

ಉರ್ದು ಶಾಲೆಯಲ್ಲಿ ಓದಿದ ನಮಗೆಲ್ಲ ಖುಸ್ರೋ ಎಂದರೆ ಮೊದಲು ನೆನಪಾಗುವವಳು ಶೀರೀನ್. ಆಮೇಲೆ ಫರ್ಹಾದ್. ಶೀರೀನ್‌ಳಿಗಾಗಿ ಬೇಸುತೂನ್ ಬೆಟ್ಟವನ್ನು ಕಡಿಯಲು ಹೊರಟ ಬಡ ಕಲ್ಲುಕುಟಿಗ ಫರ್ಹಾದ್. ಅವಳು ಸತ್ತಳೆಂಬ ಸುಳ್ಳು ಸುದ್ದಿ ಕಳಿಸಿ ಅವನ ಜೀವ ತೆಗೆಸಿದ ಬಾದಶಹ ಖುಸ್ರೋ ಪರ್ವೇಜ್. ಯಾರಿಂದಲೂ ಆಗದ ಕೆಲಸಕ್ಕೆ ಉರ್ದುವಿನಲ್ಲಿ ಈಗಲೂ ‘ಜೂಯೆ ಶೀರ್ ಲಾನಾ’, ಅಂದರೆ ಹಾಲಿನ ಹೊಳೆ ತರುವುದು ಎನ್ನುತ್ತೇವೆ. ಹನ್ನೆರಡನೇ ಶತಮಾನದ ನಿಜಾಮಿ ಗಂಜವಿ ಇದನ್ನು ದೊಡ್ಡ ಕಾವ್ಯವಾಗಿ ಬರೆದ. ನಮ್ಮ ಅಮೀರ್ ಖುಸ್ರೋ ಕೂಡ ಅದೇ ಕಥೆಯನ್ನು ಮತ್ತೆ ಹೇಳಿದ. ಹಾಗಾಗಿ ಈ ಬಾದಶಹ ನಮ್ಮ ಪಾಲಿಗೆ ಒಬ್ಬ ಪ್ರೇಮಿಯಾಗಿಯೇ ಉಳಿದುಬಿಟ್ಟ.

ಮುಂದೆ ಕನ್ನಡ ಹೈಸ್ಕೂಲಿಗೆ ಬಂದಾಗ ಸಮಾಜ ಪಾಠದಲ್ಲಿ ಇನ್ನೊಬ್ಬ ಖುಸ್ರೋ ಸಿಕ್ಕಿದ. ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿಯು ಪರ್ಷಿಯಾದ ಯಾವ ದೊರೆಯೊಂದಿಗೆ ರಾಯಭಾರ ಸಂಬಂಧ ಹೊಂದಿದ್ದನು? ಉತ್ತರ: ಎರಡನೇ ಖುಸ್ರೋ. ಒಂದು ಅಂಕದ ಪ್ರಶ್ನೆ. ಅದೇ ಹೊತ್ತಿಗೆ ಮಸೀದಿಯಲ್ಲಿ ಮೌಲವಿ ಸಾಹೇಬರ ಬಯಾನಿನಲ್ಲಿ ‘ಕೈಸರ್ ಓ ಕಿಸ್ರಾ’ ಎಂಬ ಜೋಡಿಮಾತು ಕೇಳಿಬರುತ್ತಿತ್ತು. ಜಗತ್ತಿನ ಎರಡು ದೊಡ್ಡ ಸಿಂಹಾಸನಗಳು, ಮರುಭೂಮಿಯ ಜನರ ಮುಂದೆ ಉರುಳಿಬಿದ್ದವು ಎಂದು ಅವರು ಹೇಳುವಾಗ ನಮ್ಮ ಎದೆಯೂ ಉಬ್ಬುತ್ತಿತ್ತು. ಕೈಸರ್ ಎಂದರೆ ರೋಮಿನ ಸೀಸರ್, ಕಿಸ್ರಾ ಎಂದರೆ ಅರಬರ ನಾಲಿಗೆಯಲ್ಲಿ ಖುಸ್ರೋ. ಶೀರೀನ್‌ಳ ಪ್ರೇಮಿ, ಪುಲಕೇಶಿಯ ಸ್ನೇಹಿತ, ಮೌಲವಿ ಸಾಹೇಬರ ಕಿಸ್ರಾ, ಈ ಮೂವರೂ ಒಬ್ಬನೇ ಎಂಬುದನ್ನು ನಮಗೆ ಯಾವ ಮೇಷ್ಟ್ರೂ ಹೇಳಲಿಲ್ಲ. ಅದು ಗೊತ್ತಾದಾಗ ನಮಗೆ ಮೂವತ್ತು ದಾಟಿತ್ತು.

ಇನ್ನೊಂದು ಸಂಗತಿಯನ್ನೂ ಯಾರೂ ಹೇಳಲಿಲ್ಲ. ಈ ಖುಸ್ರೋ ಮತ್ತು ರೋಮಿನ ಕೈಸರರ ನಡುವೆ ಒಂದು ಯುದ್ಧ ನಡೆಯಿತು. 602ರಿಂದ 628ರವರೆಗೆ, ಬರೋಬ್ಬರಿ ಇಪ್ಪತ್ತಾರು ವರ್ಷ. ಪ್ರಾಚೀನ ಜಗತ್ತಿನ ಕೊನೆಯ ಮಹಾಯುದ್ಧ ಎಂದು ಇತಿಹಾಸಕಾರರು ಅದನ್ನು ಕರೆಯುತ್ತಾರೆ. ಸಿಂಹಾಸನಗಳು ಉರುಳುವ ಮುಂಚೆಯೇ ಅವುಗಳ ಕಾಲುಗಳನ್ನು ಗೆದ್ದಲು ತಿಂದಂತೆ ತಿಂದದ್ದು ಈ ಯುದ್ಧ.

ಮೊದಲು ‘ರೂಮ್’ ಎಂಬ ಮಾತಿನ ಬಗ್ಗೆ ಒಂದಿಷ್ಟು ಹೇಳಬೇಕು. ರೋಮ್ ಎಂದ ಕೂಡಲೇ ನಮಗೆ ಇಟಲಿಯ ನಗರ ಕಣ್ಣಮುಂದೆ ಬರುತ್ತದೆ. ಆದರೆ ಇಟಲಿಯ ರೋಮಿನಲ್ಲಿ ಚಕ್ರವರ್ತಿಯ ಆಳ್ವಿಕೆ 476ರಲ್ಲೇ ಕೊನೆಗೊಂಡಿತ್ತು. ಪೂರ್ವ ಭಾಗದ ರೋಮನ್ ಸಾಮ್ರಾಜ್ಯ ಇಂದಿನ ಇಸ್ತಾಂಬುಲ್ ಆದ ಕಾನ್‌ಸ್ಟಾಂಟಿನೋಪಲ್ ನಗರವನ್ನು ರಾಜಧಾನಿಯಾಗಿಟ್ಟುಕೊಂಡು ಮುಂದೆಯೂ ಬಾಳಿತು. ಭಾಷೆ ಗ್ರೀಕ್, ಧರ್ಮ ಕ್ರೈಸ್ತ, ಆದರೆ ಅವರು ತಮ್ಮನ್ನು ಕರೆದುಕೊಳ್ಳುತ್ತಿದ್ದುದು ರೋಮನ್ನರೆಂದೇ. ಅರಬರಿಗೂ ಪರ್ಷಿಯನ್ನರಿಗೂ ಅವರೇ ರೂಮಿನವರು. ಬಲ್ಖ್ ಸೀಮೆಯ ಜಲಾಲುದ್ದೀನ್ ಮುಂದೆ ಇಂದಿನ ಟರ್ಕಿಯ ಕೋನ್ಯಾದಲ್ಲಿ ನೆಲೆಸಿದ್ದಕ್ಕೆ ‘ರೂಮಿ’ಯಾದದ್ದು ಇದೇ ಕಾರಣಕ್ಕೆ. ಇವರ ಎದುರಾಳಿಗಳು ಇರಾನಿನ ಸಸಾನಿ ದೊರೆಗಳು. ಇವರ ಧರ್ಮ ಜರತುಷ್ಟ್ರನದು. ರಾಜಧಾನಿ ಇಂದಿನ ಬಾಗ್ದಾದಿನ ಬಳಿಯ ಟೆಸಿಫಾನ್. ಅರಬರು ಅದನ್ನು ಮದಾಯಿನ್ ಎಂದರು.

ಯುದ್ಧ ಶುರುವಾದ ರೀತಿಯೇ ಒಂದು ವ್ಯಂಗ್ಯ. 590ರಲ್ಲಿ ಬಹ್ರಾಮ್ ಚೋಬೀನ್ ಎಂಬ ಸೇನಾಪತಿ ದಂಗೆಯೆದ್ದಾಗ ಹರೆಯದ ಖುಸ್ರೋ ಸಿಂಹಾಸನ ಬಿಟ್ಟು ಓಡಬೇಕಾಯಿತು. ಓಡಿದ್ದು ಎಲ್ಲಿಗೆ? ಪರಂಪರೆಯ ಶತ್ರು ರೋಮನ್ನರ ನೆಲಕ್ಕೆ. ಅಲ್ಲಿನ ಚಕ್ರವರ್ತಿ ಮಾರಿಸ್ ಅವನಿಗೆ ಆಶ್ರಯ ಕೊಟ್ಟ, ಸೈನ್ಯ ಕೊಟ್ಟ. 591ರಲ್ಲಿ ಖುಸ್ರೋ ಮರಳಿ ಗದ್ದುಗೆ ಏರಿದ. ಅದಕ್ಕೆ ಪ್ರತಿಯಾಗಿ ದಾರಾ ಎಂಬ ಗಡಿಕೋಟೆಯನ್ನೂ ಆರ್ಮೇನಿಯಾದ ದೊಡ್ಡ ಭಾಗವನ್ನೂ ರೋಮನ್ನರಿಗೆ ಬಿಟ್ಟುಕೊಟ್ಟ. ಹತ್ತು ವರ್ಷ ಎರಡೂ ಕಡೆ ನೆಮ್ಮದಿ ಇತ್ತು.

602ರಲ್ಲಿ ಮಾರಿಸ್ ಖರ್ಚು ಉಳಿಸಲೆಂದು, ಚಳಿಗಾಲವನ್ನು ಡ್ಯಾನ್ಯೂಬ್ ನದಿಯ ಆಚೆ ಶತ್ರುವಿನ ನೆಲದಲ್ಲೇ ಕಳೆಯಿರಿ ಎಂದು ತನ್ನ ಸೈನಿಕರಿಗೆ ಆಜ್ಞೆ ಮಾಡಿದ. ಸಂಬಳದ ವಿಷಯದಲ್ಲಿ ಮೊದಲೇ ಕುದಿಯುತ್ತಿದ್ದ ಸೈನಿಕರು ಫೋಕಸ್ ಎಂಬ ಕೆಳದರ್ಜೆಯ ಅಧಿಕಾರಿಯನ್ನು ಮುಂದಿಟ್ಟುಕೊಂಡು ರಾಜಧಾನಿಗೆ ನುಗ್ಗಿದರು. ಮಾರಿಸ್ ಸಿಕ್ಕಿಬಿದ್ದ. ಅವನ ಕಣ್ಣೆದುರೇ ಅವನ ಗಂಡುಮಕ್ಕಳನ್ನು ಒಬ್ಬೊಬ್ಬರಾಗಿ ಕೊಂದರು, ಕಡೆಗೆ ಅವನನ್ನೂ ಕೊಂದರು. ಈ ದೃಶ್ಯವನ್ನು ಓದುಗರು ನೆನಪಿನಲ್ಲಿಡಬೇಕು. ಕಥೆಯ ಕೊನೆಯಲ್ಲಿ ಇದು ಇನ್ನೊಮ್ಮೆ ಬರುತ್ತದೆ.

ಖುಸ್ರೋನಿಗೆ ಕಾರಣ ಸಿಕ್ಕಿತು. ತನಗೆ ಉಪಕಾರ ಮಾಡಿದವನ ಕೊಲೆಗೆ ಸೇಡು ತೀರಿಸುತ್ತೇನೆ ಎಂದು ಅವನು ಹೊರಟ. ಮಾರಿಸನ ಹಿರಿಮಗ ಥಿಯೋಡೋಸಿಯಸ್ ಬದುಕಿದ್ದಾನೆ, ನನ್ನ ಬಳಿಯೇ ಇದ್ದಾನೆ ಎಂದು ಒಬ್ಬನನ್ನು ತೋರಿಸಿದ. ಸೇಡಿನ ಹೆಸರಿನಲ್ಲಿ ಮೊದಲು ತೆಗೆದುಕೊಂಡದ್ದು ತಾನೇ ಕೊಟ್ಟಿದ್ದ ದಾರಾ ಕೋಟೆಯನ್ನು. ಕೃತಜ್ಞತೆ ಎಲ್ಲಿ ಮುಗಿಯಿತು, ದುರಾಸೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಆದರೆ 610ರಲ್ಲಿ ಹಿರಾಕ್ಲಿಯಸ್ ಎಂಬವನು ಆಫ್ರಿಕಾದ ಕಾರ್ಥೇಜಿನಿಂದ ಹಡಗಿನಲ್ಲಿ ಬಂದು ಫೋಕಸನನ್ನು ಕೊಂದು ಚಕ್ರವರ್ತಿಯಾದ. ಮಾರಿಸನ ಕೊಲೆಗಾರ ಸತ್ತ ಮೇಲೆ ಸೇಡು ಮುಗಿಯಬೇಕಿತ್ತು. ಹಿರಾಕ್ಲಿಯಸ್ ಸಂಧಿ ಕೇಳಿದ, ಖುಸ್ರೋ ಒಪ್ಪಲಿಲ್ಲ. ಗೆಲ್ಲುತ್ತಿರುವವನಿಗೆ ನಿಲ್ಲುವ ಕಾರಣ ಕಾಣುವುದಿಲ್ಲ.

613ರಲ್ಲಿ ದಮಾಸ್ಕಸ್ ಬಿತ್ತು. 614ರಲ್ಲಿ ಸುಮಾರು ಮೂರು ವಾರಗಳ ಮುತ್ತಿಗೆಯ ನಂತರ ಸೇನಾಪತಿ ಶಹರ್‌ಬರಾಜ್ ಜೆರುಸಲೇಮನ್ನು ಹಿಡಿದ. ಯೇಸುವನ್ನು ಏರಿಸಿದ್ದು ಎಂದು ಕ್ರೈಸ್ತರು ನಂಬಿದ್ದ ಶಿಲುಬೆ ಮತ್ತು ನಗರದ ಧರ್ಮಗುರು ಜಕರಿಯಾ, ಇಬ್ಬರೂ ಇರಾಕಿಗೆ ಹೋದರು. ಅಲ್ಲಿ ಸತ್ತವರ ಸಂಖ್ಯೆಯನ್ನು ಒಬ್ಬ ಬರಹಗಾರ ಹದಿನೇಳು ಸಾವಿರ ಎಂದರೆ ಇನ್ನೊಬ್ಬ ಅರವತ್ತು ಸಾವಿರ ದಾಟಿಸುತ್ತಾನೆ. ನಗರದ ಯಹೂದಿಗಳು ಪರ್ಷಿಯನ್ನರ ಜೊತೆ ಸೇರಿ ಕೊಂದರು ಎಂದು ಕ್ರೈಸ್ತ ಬರಹಗಳು ದೂರುತ್ತವೆ. ಈಚಿನ ಉತ್ಖನನಗಳಲ್ಲಿ ಸಾಮೂಹಿಕ ಸಮಾಧಿಗಳು ಸಿಕ್ಕಿರುವುದು ನಿಜ. ಆದರೆ ಇಡೀ ನಗರ, ಎಲ್ಲ ಚರ್ಚುಗಳು ಸುಟ್ಟು ಬೂದಿಯಾದವು ಎಂಬುದಕ್ಕೆ ಮಣ್ಣಿನಲ್ಲಿ ಸಾಕ್ಷಿ ಸಿಕ್ಕಿಲ್ಲ. ದುಃಖದಲ್ಲಿದ್ದವರು ಬರೆದ ಲೆಕ್ಕವನ್ನು ನಾವು ಗೌರವದಿಂದಲೂ ಎಚ್ಚರದಿಂದಲೂ ಓದಬೇಕು. ಗಲಭೆಗಳ ನಂತರದ ಲೆಕ್ಕಗಳನ್ನು ಕಂಡ ನಮಗೆ ಇದು ಹೊಸ ಪಾಠವೇನಲ್ಲ.

615ರಲ್ಲಿ ಪರ್ಷಿಯನ್ ಸೈನ್ಯ ಕಾನ್‌ಸ್ಟಾಂಟಿನೋಪಲಿನ ಎದುರು ದಡಕ್ಕೆ ಬಂದು ನಿಂತಿತು. ರೋಮನ್ ಹಿರಿಯರ ಸಭೆ ಖುಸ್ರೋನಿಗೆ ಬಹುತೇಕ ಶರಣಾಗತಿಯ ಮಾತುಗಳಲ್ಲಿ ಪತ್ರ ಬರೆದು ರಾಯಭಾರಿಗಳನ್ನು ಕಳಿಸಿತು. ಅವನು ರಾಯಭಾರಿಗಳನ್ನೇ ಸೆರೆಗೆ ಹಾಕಿದ. ಆ ವರ್ಷ ಹಿರಾಕ್ಲಿಯಸ್ ಹೊರಡಿಸಿದ ಬೆಳ್ಳಿಯ ನಾಣ್ಯದ ಮೇಲೆ, ದೇವರೇ ರೋಮನ್ನರಿಗೆ ಸಹಾಯ ಮಾಡು ಎಂಬ ಮೊರೆ ಇದೆ. ನಾಣ್ಯದ ಮೇಲೆ ಸಾಮಾನ್ಯವಾಗಿ ರಾಜರ ಜಂಬ ಇರುತ್ತದೆ. ಇಲ್ಲಿ ಹೆದರಿದವರ ದುಆ ಇದೆ. ಸರ್ಕಾರಿ ನೌಕರರ ಸಂಬಳ ಅರ್ಧವಾಯಿತು. 618ರಲ್ಲಿ ರಾಜಧಾನಿಯ ಬಡವರಿಗೆ ತಲೆಮಾರುಗಳಿಂದ ಸಿಗುತ್ತಿದ್ದ ಪುಕ್ಕಟೆ ರೊಟ್ಟಿ ನಿಂತುಹೋಯಿತು. 619ರಲ್ಲಿ ಅಲೆಕ್ಸಾಂಡ್ರಿಯಾ ಬಿತ್ತು, ಆ ರೊಟ್ಟಿಯ ಗೋಧಿ ಬೆಳೆಯುತ್ತಿದ್ದ ಈಜಿಪ್ಟ್ ಪರ್ಷಿಯನ್ನರ ಕೈಸೇರಿತು.

ಯುದ್ಧದ ಇತಿಹಾಸದಲ್ಲಿ ಸಾಮಾನ್ಯರು ಕಾಣುವುದು ಅಪರೂಪ. ಆದರೆ ಪಶ್ಚಿಮ ಟರ್ಕಿಯ ಸಾರ್ಡಿಸ್ ಎಂಬಲ್ಲಿ ಅವರು ಸಿಕ್ಕಿದ್ದಾರೆ. ಅಲ್ಲಿನ ದೊಡ್ಡ ಯಹೂದಿ ಪ್ರಾರ್ಥನಾ ಮಂದಿರದ ಗೋಡೆಗೆ ಒತ್ತಿಕೊಂಡು ಅಂಗಡಿಗಳ ಸಾಲೊಂದನ್ನು ಪುರಾತತ್ವಜ್ಞರು ಅಗೆದು ತೆಗೆದರು. ಗಾಜಿನ ಸಾಮಾನಿನ ಅಂಗಡಿ, ಬಣ್ಣದ ಅಂಗಡಿ, ಊಟದ ಅಂಗಡಿ. ಕೆಲವು ಅಂಗಡಿಗಳಲ್ಲಿ ಶಿಲುಬೆಯ ಗುರುತು, ಕೆಲವದರಲ್ಲಿ ಯಹೂದಿಗಳ ಏಳು ಕವಲಿನ ದೀಪದ ಗುರುತು. ಅಂದರೆ ಗೋಡೆಗೆ ಗೋಡೆ ಹಚ್ಚಿ ಇಬ್ಬರೂ ವ್ಯಾಪಾರ ಮಾಡಿಕೊಂಡಿದ್ದರು. ಅಂಗಡಿಗಳು ಸುಟ್ಟುಬಿದ್ದಿವೆ. ಅಲ್ಲಿ ಸಿಕ್ಕ ನಾಣ್ಯಗಳ ಸರಣಿ 616ಕ್ಕೆ ನಿಲ್ಲುತ್ತದೆ. ಪರ್ಷಿಯನ್ನರ ದಾಳಿಯೇ ಕಾರಣ ಎಂದು ಹಲವರ ಅಭಿಪ್ರಾಯ, ಬೇರೆ ಕಾರಣ ಹೇಳುವವರೂ ಇದ್ದಾರೆ. ಜೆರುಸಲೇಮಿನಲ್ಲಿ ಯಾರು ಯಾರನ್ನು ಕೊಂದರು ಎಂದು ಪುಟಗಟ್ಟಲೆ ಬರೆದ ಯಾವ ಗುರುವೂ ಸಾರ್ಡಿಸ್‌ನ ಈ ಸಾಲಿನ ಬಗ್ಗೆ ಬರೆಯಲಿಲ್ಲ. ಬರೆಯುವಂಥ ಸುದ್ದಿ ಅಲ್ಲಿ ಏನೂ ಇರಲಿಲ್ಲ, ಜನ ಒಟ್ಟಿಗೆ ಬದುಕಿದ್ದರು ಅಷ್ಟೆ.

ಈ ಹೊತ್ತಿನಲ್ಲಿ ದೂರದ ಮಕ್ಕಾದಲ್ಲಿಯೂ ಜನ ಈ ಯುದ್ಧದ ಸುದ್ದಿಗೆ ಕಿವಿಗೊಟ್ಟಿದ್ದರು. ಅವರ ವ್ಯಾಪಾರದ ಒಂಟೆಸಾಲುಗಳು ಹೋಗುತ್ತಿದ್ದುದೇ ಸಿರಿಯಾದ ದಾರಿಯಲ್ಲಿ. ಕುರ್‌ಆನಿನ ಮೂವತ್ತನೇ ಅಧ್ಯಾಯಕ್ಕೆ ‘ರೂಮ್’ ಎಂದೇ ಹೆಸರು. ಹತ್ತಿರದ ನೆಲದಲ್ಲಿ ರೋಮನ್ನರಿಗೆ ಸೋಲಾದುದನ್ನೂ ಕೆಲವೇ ವರ್ಷಗಳಲ್ಲಿ ಅವರು ಗೆಲ್ಲಲಿರುವುದನ್ನೂ ಅದರ ಆರಂಭ ಹೇಳುತ್ತದೆ. ಮಕ್ಕಾದ ಬಹುದೇವತಾರಾಧಕರು ಪರ್ಷಿಯನ್ನರ ಗೆಲುವಿಗೆ ಖುಷಿಪಟ್ಟರೆಂದೂ, ಗ್ರಂಥದವರಾದ ರೋಮನ್ನರ ಸೋಲಿಗೆ ಆಗಿನ್ನೂ ಬೆರಳೆಣಿಕೆಯಷ್ಟಿದ್ದ ಮುಸ್ಲಿಮರು ನೊಂದರೆಂದೂ ವ್ಯಾಖ್ಯಾನಕಾರರು ಬರೆದಿದ್ದಾರೆ. ರೋಮನ್ನರು ಗೆಲ್ಲುತ್ತಾರೆಂದು ಹಜರತ್ ಅಬೂಬಕರ್ ಒಂಟೆಗಳನ್ನು ಪಣವಿಟ್ಟ ಪ್ರಸಂಗ ನಮ್ಮಲ್ಲಿ ಅನೇಕರಿಗೆ ಗೊತ್ತು. ನಾವು ಚಿಕ್ಕವರಿದ್ದಾಗ ಈ ಪ್ರಸಂಗವನ್ನು ಪಣ ಗೆದ್ದ ಸಂತೋಷದಲ್ಲಿ ಕೇಳುತ್ತಿದ್ದೆವು. ಈಗ ಯೋಚಿಸಿದರೆ ಬೇರೊಂದು ಸಂಗತಿ ಮನಸ್ಸಿಗೆ ತಟ್ಟುತ್ತದೆ. ಬೇರೆ ಧರ್ಮದವರ ಸೋಲಿಗೆ, ತಮ್ಮ ಕಷ್ಟವೇ ಸಾಕಷ್ಟಿದ್ದಾಗಲೂ, ಆ ಸಣ್ಣ ಗುಂಪು ನೊಂದುಕೊಂಡಿತು ಎಂಬುದು.

622ರ ವಸಂತದಲ್ಲಿ ಗಾಳಿ ತಿರುಗಿತು. ಪ್ರವಾದಿಯವರು ಮಕ್ಕಾ ಬಿಟ್ಟು ಮದೀನಾಕ್ಕೆ ಹೋದ ವರ್ಷವೂ ಇದೇ. ಹಿರಾಕ್ಲಿಯಸ್ ಚರ್ಚುಗಳ ಬೆಳ್ಳಿ ಬಂಗಾರವನ್ನು ಸಾಲವಾಗಿ ತೆಗೆದು ಕರಗಿಸಿ ನಾಣ್ಯ ಹೊಡೆಸಿದ, ತಾನೇ ಸೈನ್ಯದ ಮುಂದೆ ನಿಂತ. ಸತ್ತವರಿಗೆ ಹುತಾತ್ಮರ ಕಿರೀಟ ಸಿಗುತ್ತದೆ ಎಂದು ಅವನು ಸೈನಿಕರಿಗೆ ಹೇಳಿದನೆಂದು ಥಿಯೋಫನೀಸ್ ಎಂಬ ಚರಿತ್ರೆಕಾರ ಬರೆದಿದ್ದಾನೆ. ಯುದ್ಧಕ್ಕೆ ಧರ್ಮದ ಬಟ್ಟೆ ತೊಡಿಸುವ ವಿದ್ಯೆ ಯಾವುದೇ ಒಂದು ಧರ್ಮದವರ ಸ್ವಂತ ಆಸ್ತಿಯಲ್ಲ. ಕೆಲವೇ ವರ್ಷಗಳಲ್ಲಿ ಅವನ ಸೈನ್ಯ ಆರ್ಮೇನಿಯಾದ ದಾರಿಯಾಗಿ ಇರಾನಿನ ಒಳಗೆ ನುಗ್ಗಿ ಆದುರ್ ಗುಶ್ನಸ್ಪ್ ಎಂಬ ಮಹಾ ಅಗ್ನಿಮಂದಿರವನ್ನು ಹಾಳುಮಾಡಿತು. ಜೆರುಸಲೇಮಿಗೆ ಪ್ರತಿಯಾಗಿ ಇದು. ಜೆರುಸಲೇಮಿನಲ್ಲಿ ಅತ್ತವರ ಹಾಗೆಯೇ ಅಲ್ಲಿಯೂ ಯಾರೋ ಅತ್ತಿರಬೇಕು. ಅವರ ಅಳು ನಮ್ಮವರೆಗೆ ಬಂದಿಲ್ಲ.

626ರ ಬೇಸಿಗೆಯಲ್ಲಿ ಪರ್ಷಿಯನ್ನರೂ ಉತ್ತರದ ಆವಾರ್ ಜನರೂ ಸೇರಿ ಕಾನ್‌ಸ್ಟಾಂಟಿನೋಪಲನ್ನು ಎರಡೂ ದಡಗಳಿಂದ ಮುತ್ತಿದರು. ನಡುವೆ ಬಾಸ್ಫರಸ್ ಜಲಸಂಧಿ, ಅದರ ಮೇಲೆ ರೋಮನ್ನರ ಹಡಗುಗಳು. ಆವಾರರ ಜೊತೆಗಿದ್ದ ಸ್ಲಾವರ ಮರದ ದೋಣಿಗಳು ಮುಳುಗಿದವು, ಪರ್ಷಿಯನ್ನರಿಗೆ ಈಚೆ ದಡಕ್ಕೆ ಬರಲಾಗಲಿಲ್ಲ. ಹತ್ತು ದಿನಗಳ ಆಸುಪಾಸಿನಲ್ಲಿ ಮುತ್ತಿಗೆ ಮುರಿಯಿತು. ಮರುವರ್ಷ ತುರ್ಕರನ್ನು ಮಿತ್ರರನ್ನಾಗಿ ಮಾಡಿಕೊಂಡ ಹಿರಾಕ್ಲಿಯಸ್ ಇರಾಕಿಗೆ ಇಳಿದು, 627ರ ಡಿಸೆಂಬರ್ 12ರಂದು ಇಂದಿನ ಮೋಸುಲ್ ಬಳಿಯ ನಿನೆವೆಯಲ್ಲಿ ಪರ್ಷಿಯನ್ ಸೈನ್ಯವನ್ನು ಸೋಲಿಸಿದ. ಹೊಸ ವರ್ಷದಲ್ಲಿ ಖುಸ್ರೋನ ಪ್ರೀತಿಯ ಅರಮನೆ ದಸ್ತಗಿರ್ದ್ ಲೂಟಿಯಾಯಿತು. ಹಿಂದಿನ ಯುದ್ಧಗಳಲ್ಲಿ ಕಿತ್ತುಕೊಂಡ ಮುನ್ನೂರು ರೋಮನ್ ಧ್ವಜಗಳು ಅಲ್ಲಿ ಸಿಕ್ಕವಂತೆ.

ಇಪ್ಪತ್ತಾರು ವರ್ಷಗಳ ಯುದ್ಧದಿಂದ ಬೇಸತ್ತ ಇರಾನಿನ ಸರದಾರರು 628ರ ಫೆಬ್ರವರಿಯಲ್ಲಿ ಖುಸ್ರೋನನ್ನು ಸೆರೆಹಿಡಿದು ಅವನ ಮಗ ಶೀರೋಯನನ್ನು ಪಟ್ಟಕ್ಕೇರಿಸಿದರು. ಶೀರೀನ್‌ಳ ಹೊಟ್ಟೆಯಲ್ಲಿ ಹುಟ್ಟಿದ ಮರ್ದಾನ್‌ಶಾಹನಿಗೆ ರಾಜ್ಯ ಕೊಡಬೇಕೆಂಬುದು ಖುಸ್ರೋನ ಆಸೆಯಾಗಿತ್ತು. ಆ ಮಗನನ್ನು, ಬೇರೆ ಮಕ್ಕಳನ್ನೂ, ತಂದೆಯ ಕಣ್ಣೆದುರೇ ಕೊಂದರು. ಕೆಲವು ದಿನಗಳಲ್ಲಿ ಖುಸ್ರೋನನ್ನೂ ಕೊಂದರು. ಮಾರಿಸನ ಸಾವಿನ ಸೇಡಿಗೆಂದು ಹೊರಟವನು ಮಾರಿಸನ ಸಾವನ್ನೇ ಸತ್ತ. ಶೀರೀನ್ ತನ್ನನ್ನು ತಾನೇ ಇರಿದುಕೊಂಡಳು ಎನ್ನುವುದು ನಿಜಾಮಿಯ ಕಾವ್ಯ.

ಇನ್ನು ನಮ್ಮ ಪುಲಕೇಶಿಯ ವಿಷಯ. ಅರಬ್ ಚರಿತ್ರೆಕಾರ ತಬರಿಯ ಗ್ರಂಥದಲ್ಲಿ, ಸೆರೆಯಲ್ಲಿದ್ದ ಖುಸ್ರೋ ಮಗನಿಗೆ ಕಳಿಸಿದ ಉತ್ತರವೊಂದು ಬರುತ್ತದೆ. ತನ್ನ ಆಳ್ವಿಕೆಯ ಮೂವತ್ತಾರನೇ ವರ್ಷದಲ್ಲಿ, ಅಂದರೆ 625-26ರ ಸುಮಾರಿಗೆ, ಹಿಂದಿನ ದೊರೆಯೊಬ್ಬ ತನಗೂ ತನ್ನ ಮಕ್ಕಳಿಗೂ ಪತ್ರ, ಕಾಣಿಕೆಗಳನ್ನು ಕಳಿಸಿದ್ದನೆಂದು ಖುಸ್ರೋ ಅಲ್ಲಿ ಹೇಳುತ್ತಾನೆ. ಶೀರೋಯನಿಗೆ ಬಂದದ್ದು ಒಂದು ಆನೆ, ಒಂದು ಕತ್ತಿ, ಒಂದು ಬಿಳಿ ಗಿಡುಗ, ಒಂದು ಜರಿಯ ಅಂಗಿ. ಜೊತೆಗಿದ್ದ ಗುಟ್ಟಿನ ಪತ್ರದಲ್ಲಿ, ಖುಸ್ರೋನ ಮೂವತ್ತೆಂಟನೇ ವರ್ಷದಲ್ಲಿ ನಿನಗೆ ಪಟ್ಟವಾಗುತ್ತದೆ ಎಂಬ ಭವಿಷ್ಯ ಇತ್ತು. ತಂದೆ ಅದನ್ನು ಓದಿ, ಮತ್ತೆ ಮುದ್ರೆ ಹಾಕಿ ಶೀರೀನ್‌ಳ ಕೈಯಲ್ಲಿ ಕೊಟ್ಟಿಟ್ಟಿದ್ದನಂತೆ! ಅರಬಿ ಲಿಪಿಯಲ್ಲಿ ಕಲಸಿಹೋದ ಆ ಹಿಂದಿನ ದೊರೆಯ ಹೆಸರನ್ನು ಹತ್ತೊಂಬತ್ತನೇ ಶತಮಾನದ ಜರ್ಮನ್ ವಿದ್ವಾಂಸ ನೋಲ್ಡೆಕೆ ಪುಲಕೇಶಿ ಎಂದು ಓದಿದರು. ಪುಲಕೇಶಿಗೆ ಪರಮೇಶ್ವರ ಎಂಬ ಬಿರುದಿದ್ದುದು ಈ ಓದಿಗೆ ಬಲ ಕೊಡುತ್ತದೆ. ಎಲ್ಲರೂ ಒಪ್ಪಿದ್ದಾರೆ ಎನ್ನುವಂತಿಲ್ಲ, ಆದರೆ ನಮ್ಮ ಒಂದು ಅಂಕದ ಪ್ರಶ್ನೆಯ ಮೂಲ ಇದೇ.

ಅಜಂತಾದ ಒಂದನೇ ಗುಹೆಯ ಚಿತ್ರವೊಂದರಲ್ಲಿ ಪರ್ಷಿಯಾದ ರಾಯಭಾರಿ ಪುಲಕೇಶಿಯ ಆಸ್ಥಾನಕ್ಕೆ ಬಂದಿದ್ದಾನೆ ಎಂದು ನಾವೆಲ್ಲ ಓದಿದ್ದೆವು. ಶಾಲಾ ಪ್ರವಾಸದಲ್ಲಿ ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಮೇಷ್ಟ್ರು ಅದನ್ನು ಹೇಳುವಾಗ ಅವರ ದನಿಯಲ್ಲಿದ್ದ ಹೆಮ್ಮೆ ನಮಗೆ ಇನ್ನೂ ನೆನಪಿದೆ. ಆದರೆ ಆ ಗುಹೆ ಐದನೇ ಶತಮಾನದ ಕೊನೆಯ ಭಾಗದ್ದು, ಪುಲಕೇಶಿಗಿಂತ ನೂರು ವರ್ಷಕ್ಕೂ ಹಳೆಯದು, ಚಿತ್ರವು ಬೌದ್ಧ ಕಥೆಯೊಂದರ ದೃಶ್ಯ ಎಂದು ಈಗ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಐಹೊಳೆಯ ಶಾಸನದಲ್ಲಿ ಹರ್ಷನನ್ನು ಸೋಲಿಸಿದವನೆಂದು ಹೊಗಳಿಸಿಕೊಂಡ ದೊರೆಗೆ ಈ ಚಿತ್ರ ಇಲ್ಲದಿದ್ದರೆ ಆಗುವ ನಷ್ಟವೇನೂ ಇಲ್ಲ.

ಯುದ್ಧದಲ್ಲಿ ಗೆದ್ದವರು ಯಾರು? 630ರ ಮಾರ್ಚಿನಲ್ಲಿ ಹಿರಾಕ್ಲಿಯಸ್ ಶಿಲುಬೆಯನ್ನು ಮರಳಿ ಜೆರುಸಲೇಮಿಗೆ ತಂದ. ಅದರ ಬೆನ್ನಿಗೇ ಯಹೂದಿಗಳನ್ನು ನಗರದಿಂದ ಹೊರಹಾಕಲಾಯಿತು. ಗಡಿಗಳು ಮಾತ್ರ 602ರಲ್ಲಿ ಎಲ್ಲಿದ್ದವೋ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಂತವು. ಇಪ್ಪತ್ತಾರು ವರ್ಷದ ಲೆಕ್ಕದಲ್ಲಿ ಉಳಿದದ್ದು ಸೊನ್ನೆ. ಇರಾನಿನಲ್ಲಿ ಶೀರೋಯ ಕೆಲವೇ ತಿಂಗಳಲ್ಲಿ ಸತ್ತ. ಆಗ ಪ್ಲೇಗ್ ಹರಡಿತ್ತು. ಟೈಗ್ರಿಸ್ ಯೂಫ್ರೆಟಿಸ್ ನದಿಗಳು ಉಕ್ಕಿ ಕಟ್ಟೆಗಳು ಒಡೆದು ದಕ್ಷಿಣ ಇರಾಕಿನ ಹೊಲಗಳು ಜೌಗಾದವು. ನಾಲ್ಕು ವರ್ಷಗಳಲ್ಲಿ ಸುಮಾರು ಹತ್ತು ಮಂದಿ ಗದ್ದುಗೆ ಹತ್ತಿ ಇಳಿದರು, ಅವರಲ್ಲಿ ಇಬ್ಬರು ಖುಸ್ರೋನ ಹೆಣ್ಣುಮಕ್ಕಳು. ಸಹೋದರರನ್ನೆಲ್ಲ ಶೀರೋಯ ಕೊಂದುಹಾಕಿದ್ದರಿಂದ ಗಂಡು ವಾರಸುದಾರರು ಹೆಚ್ಚು ಉಳಿದಿರಲಿಲ್ಲ.

ಮರುಭೂಮಿಯ ಕಡೆಯ ಬಾಗಿಲನ್ನು ಇಬ್ಬರೂ ತಾವೇ ತೆರೆದಿಟ್ಟಿದ್ದರು. ಹೀರಾದ ಅರಬ್ ರಾಜಮನೆತನ ಮೂರು ಶತಮಾನ ಇರಾನಿನ ಗಡಿ ಕಾದಿತ್ತು. ಅದರ ಕೊನೆಯ ದೊರೆ ನುಅಮಾನನನ್ನು ಖುಸ್ರೋ 602ರ ಸುಮಾರಿಗೆ ಕೊಲ್ಲಿಸಿ ಆ ಕಾವಲನ್ನು ತೆಗೆದ. ಖಜಾನೆ ಬರಿದಾದ ರೋಮನ್ನರು ತಮ್ಮ ಗಡಿ ಕಾಯುತ್ತಿದ್ದ ಅರಬರಿಗೆ ಹಣ ಕೊಡುವುದನ್ನು ನಿಲ್ಲಿಸಿದರೆಂದು ಅವರ ಚರಿತ್ರೆಕಾರನೇ ಬರೆದಿದ್ದಾನೆ. 636ರಲ್ಲಿ ಯರ್ಮೂಕ್, ಅದರ ಆಸುಪಾಸಿನಲ್ಲೇ ಕಾದಿಸಿಯಾ, 642ರಲ್ಲಿ ನಹಾವಂದ್. ಕೈಸರ್ ಸಿರಿಯಾವನ್ನೂ ಈಜಿಪ್ಟನ್ನೂ ಕಳೆದುಕೊಂಡ, ಕಿಸ್ರಾನ ವಂಶವೇ ಮುಗಿಯಿತು. ಇತ್ತ ಬಾದಾಮಿಯೂ ಸುಮಾರು 642ರಲ್ಲಿ ಪಲ್ಲವ ನರಸಿಂಹವರ್ಮನ ಕೈಗೆ ಬಿದ್ದು ಪುಲಕೇಶಿಯ ಕಥೆ ಮುಗಿಯಿತು.

ಮರುಭೂಮಿಯ ಜನ ಎರಡು ಸಾಮ್ರಾಜ್ಯಗಳನ್ನು ಉರುಳಿಸಿದರು ಎಂಬ ಮಾತು ಸುಳ್ಳಲ್ಲ. ಅವರ ಒಗ್ಗಟ್ಟು, ಅವರ ವಿಶ್ವಾಸ, ಖಾಲಿದ್ ಬಿನ್ ವಲೀದರಂಥ ಸೇನಾನಿಗಳ ಜಾಣ್ಮೆ ಸಣ್ಣದಲ್ಲ. ಆದರೆ ಆ ಎರಡು ಸಾಮ್ರಾಜ್ಯಗಳು ಒಂದನ್ನೊಂದು ಮೊದಲೇ ತಿಂದು ಮುಗಿಸಿದ್ದವು ಎಂಬುದನ್ನು ಸೇರಿಸಿ ಹೇಳಿದರೆ ನಮ್ಮ ವಿಶ್ವಾಸಕ್ಕೆ ಕುಂದೇನು? ಮೌಲವಿ ಸಾಹೇಬರ ಬಯಾನಿನಲ್ಲಿ ನಮ್ಮ ಎದೆ ಉಬ್ಬಿತ್ತು, ಮೇಷ್ಟ್ರ ಪಾಠದಲ್ಲಿ ಗೆಳೆಯರ ಎದೆ ಉಬ್ಬಿತ್ತು. ಎರಡೂ ಕಡೆ ಅರ್ಧ ಕಥೆಯನ್ನಷ್ಟೇ ಕೇಳಿದ್ದೆವು. ಉಳಿದ ಅರ್ಧದಲ್ಲಿ ರೊಟ್ಟಿ ನಿಂತುಹೋದ ಬಡವರಿದ್ದಾರೆ, ಜೆರುಸಲೇಮಿನ ಸಾಮೂಹಿಕ ಸಮಾಧಿಗಳಿವೆ, ಜೌಗಾದ ಹೊಲಗಳಿವೆ, ಆ ಅಂಗಡಿ ಸಾಲಿದೆ.

ನಾವು ಕಥೆ ಬರೆಯುವವರು. ಶೀರೀನ್ ಫರ್ಹಾದರ ಕಥೆಯನ್ನು ಬಿಟ್ಟುಕೊಡಲು ನಮಗೆ ಮನಸ್ಸಿಲ್ಲ. ಆದರೆ ಮುಂದಿನ ಸಲ ಯಾವ ಮಗುವಿಗಾದರೂ ಆ ಕಥೆ ಹೇಳುವಾಗ, ಸುಳ್ಳು ಸುದ್ದಿ ಕಳಿಸಿ ಒಬ್ಬ ಕಲ್ಲುಕುಟಿಗನನ್ನು ಕೊಲ್ಲಿಸಿದ ಆ ಬಾದಶಹ ಆಮೇಲೆ ಏನು ಮಾಡಿದ ಎಂಬುದನ್ನೂ ಹೇಳಬೇಕೆಂದಿದ್ದೇವೆ.